ಹಲಗಲಿಯ ಕತ್ತಿ, ಕೊಡಗಿನ ಕೋವಿ

ಒಂದು ರಾತ್ರಿ ಒಂಬತ್ತರ ಚರ್ಚೆ. ವಿಷಯ ಅಮೆರಿಕದ ಬಂದೂಕು. ಅಲ್ಲಿ ಮತ್ತೊಂದು ಶಾಲೆಯಲ್ಲಿ ಗುಂಡಿನ ದಾಳಿ ಆಗಿತ್ತು. ಸ್ಟುಡಿಯೋದಲ್ಲಿ ನಾಲ್ಕು ಜನ, ನಾಲ್ಕು ಬಾಯಿ. ನಾನು ಎಂದಿನಂತೆ ಸ್ವಲ್ಪ ದನಿ ಏರಿಸಿ, "ನೋಡಿ ವೀಕ್ಷಕರೇ, ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಯಾರೂ ಬಂದೂಕು ಇಟ್ಟುಕೊಳ್ಳೋ ಹಾಗಿಲ್ಲ, ಯಾರೂ ಅಂದ್ರೆ ಯಾರೂ!" ಅಂದುಬಿಟ್ಟೆ. ಬ್ರೇಕ್ ಮುಗಿಯುವಷ್ಟರಲ್ಲಿ ಕೊಡಗಿನಿಂದ ಒಂದು ಕರೆ. ವಯಸ್ಸಾದ ದನಿ, ನಿಧಾನದ ಮಾತು. "ಸ್ವಾಮಿ, ನಾನು ಈಗ ಕೂತಿರೋ ಕುರ್ಚಿಯ ಹಿಂದಿನ ಗೋಡೆ ಮೇಲೆ ಕೋವಿ ಇದೆ. ನನ್ನ ತಂದೆಯದ್ದು. ಲೈಸೆನ್ಸ್ ಇಲ್ಲ. ಕಾನೂನೂ ಮುರಿದಿಲ್ಲ. ನೀವು ಇನ್ನೊಂದು ಸಲ ಓದಿಕೊಂಡು ಬನ್ನಿ."

ನೇರಪ್ರಸಾರದಲ್ಲಿ ಇಂಥ ಏಟು ತಿಂದಾಗ ನಾವು ಮಾಡೋದು ಒಂದೇ ಕೆಲಸ. ನಗುತ್ತೇವೆ, ಇನ್ನೊಂದು ಬ್ರೇಕ್ ತಗೋತೇವೆ. ಅವತ್ತು ನಾನೂ ಅದನ್ನೇ ಮಾಡಿದೆ. ಆದರೆ ಮನೆಗೆ ಹೋದ ಮೇಲೂ ಆ ಕೋವಿ ತಲೆಯಿಂದ ಇಳಿಯಲಿಲ್ಲ. ಇಡೀ ದೇಶಕ್ಕೆ ಒಂದು ಕಾನೂನು, ನಮ್ಮದೇ ರಾಜ್ಯದ ಒಂದು ಜಿಲ್ಲೆಗೆ ಇನ್ನೊಂದು. ಯಾಕೆ? ಹುಡುಕುತ್ತಾ ಹೋದೆ. ಹೋಗಿ ನಿಂತದ್ದು ಮಡಿಕೇರಿಯಲ್ಲಲ್ಲ, ಮುಧೋಳದ ಹತ್ತಿರದ ಹಲಗಲಿಯಲ್ಲಿ.

ಹಲಗಲಿ ಅಂದ ಕೂಡಲೇ ನಿಮ್ಮಲ್ಲಿ ಅರ್ಧ ಜನಕ್ಕೆ ಹೈಸ್ಕೂಲಿನ ಕನ್ನಡ ಪಾಠ ನೆನಪಾಗಬೇಕು. ಹಲಗಲಿಯ ಬೇಡರ ಲಾವಣಿ. ನಮ್ಮ ಮೇಷ್ಟ್ರು ಅದನ್ನು ಓದುತ್ತಿರಲಿಲ್ಲ, ಹಾಡುತ್ತಿದ್ದರು. ಹನುಮ, ಬಾಲ, ಜಡಗ, ರಾಮ ಅಂತ ನಾಲ್ಕು ಹೆಸರು ಬರುತ್ತವಲ್ಲ, ಅಲ್ಲಿ ಮೇಜು ಗುದ್ದುತ್ತಿದ್ದರು. ನಮಗೆ ಆಗ ಅರ್ಥವಾಗಿದ್ದು ಇಷ್ಟು: ಬ್ರಿಟಿಷರ ಜೊತೆ ಜಗಳ ಆಯ್ತು, ನಮ್ಮವರು ಸತ್ತರು. ಜಗಳ ಯಾವುದಕ್ಕೆ ಅನ್ನೋದು ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆ. ಉತ್ತರ, ಆಯುಧಕ್ಕೆ.

1857ರ ಮೇ ತಿಂಗಳಲ್ಲಿ ಮೀರತ್‌ನಲ್ಲಿ ಸಿಪಾಯಿಗಳು ತಿರುಗಿಬಿದ್ದರು. ಕಂಪನಿ ಸರಕಾರಕ್ಕೆ ನಡುಕ ಹುಟ್ಟಿತು. ಅದೇ ವರ್ಷ ಒಂದು ಕಾಯ್ದೆ ತಂದರು. ಜನರ ಕೈಯಲ್ಲಿರುವ ಆಯುಧಗಳನ್ನು ಸರಕಾರಕ್ಕೆ ತೋರಿಸಬೇಕು, ನೋಂದಾಯಿಸಬೇಕು, ಸರಕಾರ ಬೇಡ ಅಂದರೆ ತಂದು ಒಪ್ಪಿಸಬೇಕು. ಇವತ್ತು ನಮಗೆ ಇದರಲ್ಲಿ ವಿಶೇಷ ಏನೂ ಕಾಣಲ್ಲ. ಆಧಾರ್ ಲಿಂಕ್ ಮಾಡಿ ಅಂದರೆ ಮಾಡ್ತೀವಿ, ಒಟಿಪಿ ಹೇಳಿ ಅಂದರೆ ಹೇಳ್ತೀವಿ. ಆದರೆ ಹಲಗಲಿಯ ಬೇಡರಿಗೆ ಆಯುಧ ಅಂದರೆ ಅಲಂಕಾರದ ವಸ್ತು ಅಲ್ಲ. ಬೇಟೆ, ಕಾವಲು, ಪಾಳೆಯಗಾರರ ಪಡೆಯಲ್ಲಿ ಚಾಕರಿ, ಎಲ್ಲವೂ ಅದರ ಮೇಲೆಯೇ. ಅದನ್ನು ಕೊಟ್ಟರೆ ಹೊಟ್ಟೆಪಾಡು ಮಾತ್ರವಲ್ಲ, ಹೆಸರೂ ಹೋದಂತೆ. ಕೊಡಲ್ಲ ಅಂದರು.

ನವೆಂಬರ್ ಕೊನೆಯಲ್ಲಿ ಕಲಾದಗಿ ಕಡೆಯಿಂದ ಸೈನ್ಯ ಬಂತು. ಊರು ಒಳಗಿನಿಂದ ಗುಂಡು ಹಾರಿಸಿತು. ಹೊರಗಿನವರು ಊರಿಗೆ ಬೆಂಕಿ ಇಟ್ಟರು. ಎಷ್ಟೋ ಜನ ಊರೊಳಗೇ ಸತ್ತರು, ಇನ್ನೆಷ್ಟೋ ಜನ ಸೆರೆಯಾದರು. ಡಿಸೆಂಬರ್‌ನಲ್ಲಿ 19 ಮಂದಿಗೆ ಗಲ್ಲು. ಕೆಲವರಿಗೆ ಮುಧೋಳದಲ್ಲಿ, ಅದೂ ಸಂತೆಯ ದಿನ, ಉಳಿದವರಿಗೆ ಅವರದೇ ಊರಲ್ಲಿ. ಸಂತೆಯ ದಿನವನ್ನೇ ಯಾಕೆ ಆರಿಸಿಕೊಂಡರು ಅಂತ ನಾನು ವಿವರಿಸಬೇಕಾಗಿಲ್ಲ. ಆಗ ಟಿವಿ ಇರಲಿಲ್ಲ. ಸುದ್ದಿ ಹತ್ತೂರಿಗೆ ಮುಟ್ಟಬೇಕಾದರೆ ಸಂತೆಯೇ ಪ್ರೈಮ್ ಟೈಮ್.

ಇದು ಹಲಗಲಿಯೊಂದರ ಕಥೆಯೂ ಅಲ್ಲ. ಮರುವರ್ಷ ನರಗುಂದದ ಬಾಬಾಸಾಹೇಬ, ಮುಂಡರಗಿ ಭೀಮರಾಯ ಎದ್ದು ನಿಂತಾಗ, ಅವರ ದೂರುಗಳ ಪಟ್ಟಿಯಲ್ಲೂ ಈ ಆಯುಧ ಕಸಿಯುವ ಕೆಲಸ ಇತ್ತು. ಇಬ್ಬರೂ 1858ರ ಜೂನ್‌ನಲ್ಲಿ ಮುಗಿದರು. ಒಬ್ಬರು ಕೊಪ್ಪಳದಲ್ಲಿ ಹೋರಾಡುತ್ತಾ, ಇನ್ನೊಬ್ಬರು ಬೆಳಗಾವಿಯ ನೇಣುಗಂಬದಲ್ಲಿ.

ಈಗ ದಕ್ಷಿಣಕ್ಕೆ ಬನ್ನಿ. ಹಲಗಲಿ ಸುಟ್ಟು ಮೂರು ವರ್ಷ ಮೂರು ತಿಂಗಳು. 1861ರ ಫೆಬ್ರವರಿ 26. ಮೈಸೂರನ್ನು ಆಳುತ್ತಾ ಕೊಡಗಿನ ಉಸ್ತುವಾರಿಯನ್ನೂ ಹೊತ್ತಿದ್ದ ಸರ್ ಮಾರ್ಕ್ ಕಬ್ಬನ್ ಒಂದು ಆದೇಶ ಹೊರಡಿಸಿದರು. ನಿಶ್ಶಸ್ತ್ರೀಕರಣ ಕಾಯ್ದೆ ಕೊಡಗರಿಗೆ ಅನ್ವಯಿಸುವುದಿಲ್ಲ. ಕಾರಣ? ಆ ಚಿಕ್ಕ ನಾಡಿನ ಶೌರ್ಯ ಮತ್ತು ನಿಷ್ಠೆ. ಕಬ್ಬನ್ ಅವರು ಅದೇ ಹೊತ್ತಿಗೆ ಅಧಿಕಾರ ಬಿಟ್ಟು ಊರಿಗೆ ಹೊರಟವರು, ಏಪ್ರಿಲ್‌ನಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡರು. ಅಂದರೆ ಇಲ್ಲಿ ಇಪ್ಪತ್ತೇಳು ವರ್ಷ ಆಳಿ ಹೋಗುವಾಗ ಕೊಟ್ಟುಹೋದ ಕೊನೆಯ ಉಡುಗೊರೆಗಳಲ್ಲಿ ಇದೂ ಒಂದು.

ಶೌರ್ಯ ಸರಿ. ಅದರ ಬಗ್ಗೆ ತಕರಾರೇ ಇಲ್ಲ. ಕಾರ್ಯಪ್ಪ, ತಿಮ್ಮಯ್ಯನವರನ್ನು ಕೊಟ್ಟ ನಾಡಿನ ಶೌರ್ಯದ ಬಗ್ಗೆ ಸ್ಟುಡಿಯೋದಲ್ಲಿ ಕೂತ ನಾನು ಸರ್ಟಿಫಿಕೇಟ್ ಕೊಡಬೇಕಾ? ಆದರೆ ಶೌರ್ಯ ಹಲಗಲಿಯಲ್ಲೂ ಇತ್ತಲ್ಲ ಸ್ವಾಮಿ! ಹಾಗಾದರೆ ಆದೇಶದಲ್ಲಿ ತೂಕದ ಮಾತು ಎರಡನೆಯದು: ನಿಷ್ಠೆ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಂಪನಿ ಕೊಡಗನ್ನು ನುಂಗಿತು. ಮೂರೇ ವರ್ಷಕ್ಕೆ, 1837ರಲ್ಲಿ, ಅಮರಸುಳ್ಯದ ಕಡೆಯಿಂದ ರೈತರ ದಂಗೆ ಎದ್ದಿತು. ಮಂಗಳೂರಿನವರೆಗೂ ಹೋಯಿತು. ಕರಾವಳಿಯವರು ಇವತ್ತಿಗೂ ಕಲ್ಯಾಣಪ್ಪನ ಕಾಟಕಾಯಿ ಅನ್ನುವುದು ಇದನ್ನೇ. ಅದನ್ನು ಅಡಗಿಸುವಾಗ ಕೊಡಗಿನ ಅನೇಕ ಪ್ರಮುಖರು ಕಂಪನಿಯ ಕಡೆ ನಿಂತರು, ಅದಕ್ಕಾಗಿ ಪದಕಗಳೂ ಬಂದವು. ಅದೇ ದಂಗೆಗಾಗಿ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿಯಲ್ಲೇ ಗಲ್ಲಿಗೇರಿಸಿದರು. ಒಂದೇ ನಾಡು, ಕೆಲವರ ಎದೆಗೆ ಪದಕ, ಕೆಲವರ ಕೊರಳಿಗೆ ಹಗ್ಗ. 1857ರ ಬಿರುಗಾಳಿಯಲ್ಲೂ ಕೊಡಗು ಅಲುಗಲಿಲ್ಲ. ಕಬ್ಬನ್ ಆದೇಶವನ್ನು ಈ ಲೆಕ್ಕದಲ್ಲಿಟ್ಟು ಓದಬೇಕು.

ಇದನ್ನು ಬರೆದರೆ ಕೊಡಗಿನ ಕೆಲವರಿಗೆ ಬೇಸರ ಆಗುತ್ತೆ, ಗೊತ್ತು. ಹಂಗಂತ ಇತಿಹಾಸ ಬಿಡೋಕಾಗಲ್ಲ. ಆದರೆ ಇದರ ಇನ್ನೊಂದು ಮುಖ ಹೇಳದಿದ್ದರೆ ಅದೂ ಮೋಸ. ಬ್ರಿಟಿಷರು ಕೋವಿಯನ್ನು ಕೊಡಗಿಗೆ ಕೊಡಲಿಲ್ಲ. ಅವರು ಬರುವ ಮೊದಲೇ ಅದು ಅಲ್ಲಿತ್ತು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಫೋನ್ ಇಲ್ಲದ ಕಾಲದಲ್ಲಿ ಬೆಟ್ಟದಾಚೆಯ ಮನೆಗೆ ಸುದ್ದಿ ಹೋಗುತ್ತಿದ್ದದ್ದು ಹೀಗೆ. ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಗುಂಡು. ಸೆಪ್ಟೆಂಬರ್‌ನ ಕೈಲ್‌ಪೊಳ್ದ್‌ಗೆ ಕೋವಿ, ಒಡಿಕತ್ತಿಗಳನ್ನು ಒರೆಸಿ, ತೋಕ್‌ಪೂ ಇಟ್ಟು ಪೂಜೆ. ತೋಕ್ ಅಂದರೆ ಕೊಡವ ಭಾಷೆಯಲ್ಲಿ ಕೋವಿ. ಒಂದು ಹೂವಿಗೇ ಕೋವಿಯ ಹೆಸರಿಟ್ಟ ಜನ! ಪೂಜೆ ಆದಮೇಲೆ ತೆಂಗಿನಕಾಯಿಗೆ ಗುರಿ ಇಡುವ ಪಂದ್ಯ. ಇಂಥವರ ಕೈಯಿಂದ ಕೋವಿ ಕಸಿಯಲು ಹೋಗಿದ್ದರೆ ಇನ್ನೊಂದು ಹಲಗಲಿ ಆಗುತ್ತಿತ್ತು. ಕಬ್ಬನ್‌ಗೆ ಅದೂ ಗೊತ್ತಿದ್ದಿರಬೇಕು ಅನ್ನೋದು ನನ್ನ ಅನುಮಾನ.

ಮುಂದೆ 1878. ವೈಸರಾಯ್ ಲಿಟ್ಟನ್ ಇಡೀ ದೇಶಕ್ಕೆ ಶಸ್ತ್ರಾಸ್ತ್ರ ಕಾಯ್ದೆ ತಂದ. ಭಾರತೀಯನಿಗೆ ಲೈಸೆನ್ಸ್ ಬೇಕು, ಯುರೋಪಿಯನ್ನನಿಗೆ ಬೇಡ. ಅದೇ ವರ್ಷ ಅದೇ ಲಿಟ್ಟನ್ ದೇಶಭಾಷಾ ಪತ್ರಿಕೆಗಳ ಬಾಯಿ ಮುಚ್ಚಿಸುವ ಕಾಯ್ದೆಯನ್ನೂ ತಂದ. ಪತ್ರಕರ್ತನಾದ ನನಗೆ ಈ ಜೋಡಿ ತುಂಬಾ ಇಷ್ಟ. ಸರಕಾರಕ್ಕೆ ಹೆದರಿಕೆ ಹುಟ್ಟಿಸೋ ವಸ್ತುಗಳು ಯಾವು ಅಂತ ಆಳುವವನೇ ಪಟ್ಟಿ ಮಾಡಿ ಕೊಟ್ಟ ಹಾಗಿದೆ. ಪತ್ರಿಕಾ ಕಾಯ್ದೆ 1882ರಲ್ಲಿ ರಿಪ್ಪನ್ ಕಾಲಕ್ಕೇ ಹೋಯಿತು. ಕೋವಿಯ ಕಾಯ್ದೆ? ಸ್ವಾತಂತ್ರ್ಯ ಬಂದು ಹನ್ನೆರಡು ವರ್ಷ ಆದಮೇಲೆ, 1959ರಲ್ಲಿ ಬೇರೆ ಕಾಯ್ದೆ ಬರುವ ತನಕ ಇತ್ತು.

ನಡುವೆ ನಮ್ಮ ನಾಯಕರು ಸುಮ್ಮನಿರಲಿಲ್ಲ. 1887ರ ಮದ್ರಾಸ್ ಕಾಂಗ್ರೆಸ್ ಅಧಿವೇಶನದಲ್ಲೇ ಶಸ್ತ್ರಾಸ್ತ್ರ ಕಾಯ್ದೆ ವಿರುದ್ಧ ನಿರ್ಣಯ ಆಯಿತು. 1931ರ ಕರಾಚಿ ನಿರ್ಣಯದ ಮೂಲಭೂತ ಹಕ್ಕುಗಳ ಪಟ್ಟಿ ತೆಗೆದು ನೋಡಿ. ವಾಕ್ ಸ್ವಾತಂತ್ರ್ಯ, ಧರ್ಮ ಸ್ವಾತಂತ್ರ್ಯದ ಜೊತೆಗೆ, ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕೂ ಇದೆ. ಹೌದು, ಗಾಂಧಿಯವರ ಕಾಂಗ್ರೆಸ್ಸೇ! ಅಮೆರಿಕದವರದು ಮಾತ್ರ ಹುಚ್ಚು ಅಂತ ಅವತ್ತು ನನ್ನ ಪ್ಯಾನೆಲ್‌ನಲ್ಲಿ ಒಬ್ಬರು ನಕ್ಕಿದ್ದರು. ನಾನೂ ತಲೆಯಾಡಿಸಿದ್ದೆ.

ಇನ್ನೂ ಸ್ವಾರಸ್ಯ 1948ರ ಡಿಸೆಂಬರ್‌ನಲ್ಲಿದೆ. ಸಂವಿಧಾನ ಸಭೆ. ಎಚ್.ವಿ. ಕಾಮತ್ ಎದ್ದು, ಆಯುಧ ಹೊಂದುವ ಹಕ್ಕನ್ನು ಮೂಲಭೂತ ಹಕ್ಕುಗಳಲ್ಲಿ ಸೇರಿಸಿ ಅಂತ ತಿದ್ದುಪಡಿ ಮಂಡಿಸಿದರು. ಈ ಕಾಮತ್ ಯಾರು? ಮಧ್ಯಪ್ರಾಂತ್ಯದ ಪ್ರತಿನಿಧಿ, ಐಸಿಎಸ್ ಬಿಟ್ಟು ಬಂದವರು, ಹುಟ್ಟಿದ್ದು ನಮ್ಮ ಮಂಗಳೂರಲ್ಲಿ. ಅವರ ಕೈಯಲ್ಲಿದ್ದ ದಾಖಲೆ ಅದೇ ಕರಾಚಿ ನಿರ್ಣಯ. ಆಗ ಕೇಳಿದ್ದನ್ನು ಈಗ ನಾವೇ ಯಾಕೆ ಕೊಡಬಾರದು? ಪ್ರಶ್ನೆ ನೇರವಾಗಿತ್ತು. ಅಂಬೇಡ್ಕರ್ ಒಪ್ಪಲಿಲ್ಲ. ಪರಕೀಯ ಸರಕಾರ ನಮ್ಮಿಂದ ಆಯುಧ ಕಸಿದಾಗ ಕೇಳಿದ ಮಾತು ಬೇರೆ, ಈಗ ಸರಕಾರ ನಮ್ಮದು. ಪಾತಕಿಗೂ ಸೇರಿ ಎಲ್ಲರಿಗೂ ಇದನ್ನು ಹಕ್ಕಾಗಿ ಬರೆದುಕೊಟ್ಟರೆ ಗತಿ ಏನು ಅನ್ನುವುದು ಅವರ ವಾದದ ತಿರುಳು. ತಿದ್ದುಪಡಿ ಬಿದ್ದುಹೋಯಿತು. ನನ್ನನ್ನು ಕೇಳಿದರೆ ಅಂಬೇಡ್ಕರ್ ಸರಿ. ಆಗಷ್ಟೇ ದೇಶ ವಿಭಜನೆಯ ರಕ್ತ ನೋಡಿತ್ತು. ಅದೇ ವರ್ಷದ ಜನವರಿಯಲ್ಲಿ ಒಂದು ಪಿಸ್ತೂಲು ಗಾಂಧಿಯನ್ನೇ ಕೊಂದಿತ್ತು. ಆದರೆ ಕಾಮತರ ಪ್ರಶ್ನೆ ಹುಚ್ಚಿನದ್ದಲ್ಲ, ಅದು ಹಲಗಲಿಯ ಪ್ರಶ್ನೆ.

ಹೊಸ ಕಾಯ್ದೆ 1962ರ ಅಕ್ಟೋಬರ್ ಒಂದರಿಂದ ಜಾರಿಗೆ ಬಂತು. ಬಿಳಿಯರ ವಿನಾಯಿತಿ ಹೋಯಿತು. ಕೊಡಗಿನದು ಉಳಿಯಿತು! 1963ರ ಅಧಿಸೂಚನೆಯಲ್ಲಿ ಮತ್ತೆ ಅದೇ ಪದಗಳು: ಕೊಡಗು ಜನಾಂಗದ ಪ್ರತಿಯೊಬ್ಬ ವ್ಯಕ್ತಿ ಮತ್ತು ಕೊಡಗಿನ ಪ್ರತಿಯೊಬ್ಬ ಜಮ್ಮಾ ಹಿಡುವಳಿದಾರ. ಜಮ್ಮಾ ಅಂದರೆ ಸೈನಿಕ ಸೇವೆಗೆ ಪ್ರತಿಯಾಗಿ ವಂಶಪಾರಂಪರ್ಯವಾಗಿ ಬಂದ ಭೂಮಿ. ಅದು ಕೊಡವರಲ್ಲಷ್ಟೇ ಇಲ್ಲ. ಗೌಡರಲ್ಲೂ ಇದೆ, ಇನ್ನಿತರ ಸಮುದಾಯಗಳಲ್ಲೂ ಇದೆ, ಕೆಲವು ಮಾಪಿಳ್ಳೆ ಮುಸ್ಲಿಂ ಮನೆತನಗಳಲ್ಲೂ ಇದೆ. ಹಾಗಾಗಿ "ಇದು ಒಂದು ಜಾತಿಗೆ ಕೊಟ್ಟ ಲೈಸೆನ್ಸ್" ಅಂತ ವಾಟ್ಸಾಪ್‌ನಲ್ಲಿ ಓಡಾಡೋದು ಅರ್ಧ ಸುಳ್ಳು. ಜಿಲ್ಲೆಯ ಹೊರಗೆ ಒಯ್ಯುವಾಗ ಮಿತಿಯೂ ಇದೆ: ಒಂದು ರೈಫಲ್, ನೂರು ಗುಂಡು, ಒಂದು ಸಾದಾ ನಳಿಗೆಯ ಕೋವಿ, ಐನೂರು ತೋಟ.

ಉಳಿದ ನಮ್ಮ ಪಾಡು ಕೇಳಿ. ಅಲಗು ಒಂಬತ್ತು ಇಂಚು ಮೀರಿದ, ಇಲ್ಲವೇ ಎರಡು ಇಂಚಿಗಿಂತ ಅಗಲದ ಚೂರಿ ನಿಯಮಗಳ ಪ್ರಕಾರ ಆಯುಧ. ಮನೆಗೆಲಸದ್ದು, ಬೇಸಾಯದ್ದು ಆದರೆ ಅಲ್ಲ. ತೋಟದ ಮಚ್ಚು ತೋಟದಲ್ಲಿದ್ದರೆ ಉಪಕರಣ, ಬೈಕ್ ಮೇಲೆ ರಾತ್ರಿ ಹನ್ನೊಂದಕ್ಕೆ ಸಿಕ್ಕರೆ ಎಫ್ಐಆರ್. ಇನ್ನು ಚುನಾವಣೆ ಬಂತು ಅಂದರೆ ಲೈಸೆನ್ಸ್ ಇರುವ ರೈತ ಕೋವಿಯನ್ನು ಠಾಣೆಗೆ ಹೊತ್ತುಕೊಂಡು ಹೋಗಿ ಇಟ್ಟು ಬರಬೇಕು. ಕಾಡುಹಂದಿಗೆ ಮಾತ್ರ ನೀತಿಸಂಹಿತೆ ಯಾರೂ ಹೇಳಿಲ್ಲ. ಮಲೆನಾಡಿನ, ಕರಾವಳಿಯ ವೀಕ್ಷಕರು ಪ್ರತಿ ಚುನಾವಣೆಗೂ ಫೋನ್ ಮಾಡಿ ಈ ದುಃಖ ಹೇಳಿಕೊಳ್ಳುತ್ತಾರೆ. ಅವರದು ನಿಜವಾದ ಸಂಕಟ, ನಮಗೆ ಅದು ಮೂವತ್ತು ಸೆಕೆಂಡಿನ ಸುದ್ದಿ.

2019ರ ಅಕ್ಟೋಬರ್‌ನಲ್ಲಿ ಕೇಂದ್ರ ಗೃಹ ಇಲಾಖೆ ಕೊಡಗಿನ ವಿನಾಯಿತಿಯನ್ನು ಹತ್ತು ವರ್ಷಕ್ಕೆ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿ ಕರ್ನಾಟಕ ಹೈಕೋರ್ಟ್‌ಗೆ ಬಂತು. ಜನಾಂಗ ನೋಡಿ, ಭೂಮಿ ನೋಡಿ ವಿನಾಯಿತಿ ಕೊಡೋದು ಸಮಾನತೆಗೆ ವಿರುದ್ಧ ಅಲ್ಲವೇ ಅಂತ. 2021ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು. ಸ್ವಾತಂತ್ರ್ಯಕ್ಕೂ ಮೊದಲಿನಿಂದ ಬಂದದ್ದು, ಯೋಧ ಪರಂಪರೆಯ ಸಮುದಾಯ, ಅದೂ ಷರತ್ತಿನ ಮೇಲೆ, ಸೀಮಿತ ಅವಧಿಗೆ ಅಂತ ಕಾರಣ ಕೊಟ್ಟಿತು. ಒಂದು ತಮಾಷೆ ನೋಡಿ. ಇದೇ ಹೈಕೋರ್ಟ್ ಎದುರು ದಶಕಗಳ ಕಾಲ ಮಾರ್ಕ್ ಕಬ್ಬನ್ ಅವರ ಕುದುರೆ ಸವಾರಿಯ ಪ್ರತಿಮೆ ಇತ್ತು. 2020ರಲ್ಲಿ ಅದನ್ನು ಅಲ್ಲಿಂದ ತೆಗೆದು ಕಬ್ಬನ್ ಪಾರ್ಕ್ ಒಳಗೆ ಸಾಗಿಸಿದರು. ಪ್ರತಿಮೆ ಹೋಯಿತು, ಮರುವರ್ಷವೇ ಅವರ ಆದೇಶದ ಮೊಮ್ಮಗ ಅದೇ ಕಟ್ಟಡದಲ್ಲಿ ಗೆದ್ದು ಹೊರಬಂದ.

ತೀರ್ಪಿನ ಬಗ್ಗೆ ನನಗೆ ಜಗಳ ಇಲ್ಲ. ಗೋಡೆಯ ಮೇಲೆ ತಂದೆಯ ಕೋವಿ ಇಟ್ಟುಕೊಂಡು ಅದಕ್ಕೆ ಹೂವಿಡುವ ಮುದುಕನಿಂದ ಯಾರಿಗೂ ಅಪಾಯ ಇಲ್ಲ. ನನ್ನನ್ನು ಕಾಡೋದು ಇನ್ನೊಂದು. ಯೋಧ ಪರಂಪರೆ ಅನ್ನುವುದೇ ಅಳತೆಗೋಲಾದರೆ, ಹಲಗಲಿಯ ಬೇಡರ ಹೆಸರು ಆ ಪಟ್ಟಿಯಲ್ಲಿ ಯಾಕಿಲ್ಲ? ಅವರಿಗೆ ಕೋವಿ ಕೊಡಿ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಕ್ಲಿಪ್ ಕತ್ತರಿಸಿ ಹಂಚಬೇಡಿ. ಯಾರು ಯೋಧರು ಅನ್ನುವ ಪಟ್ಟಿಯನ್ನು 1861ರಲ್ಲಿ ಒಬ್ಬ ಬ್ರಿಟಿಷ್ ಅಧಿಕಾರಿ ಬರೆದ. ತನಗೆ ಬಾಗಿದವರನ್ನು ಸೇರಿಸಿದ, ಬಾಗದವರನ್ನು ಬಿಟ್ಟ. ನಾವು ಆ ಪಟ್ಟಿಯನ್ನು 1963ರಲ್ಲಿ ನಕಲು ಮಾಡಿದೆವು, 2019ರಲ್ಲಿ ಮತ್ತೆ ನಕಲು ಮಾಡಿದೆವು. ಪಠ್ಯಪುಸ್ತಕದಲ್ಲಿ ಹಲಗಲಿಯವರು ವೀರರು. ಗೆಜೆಟ್‌ನಲ್ಲಿ ಅವರ ಸುದ್ದಿಯೇ ಇಲ್ಲ.

ಇಷ್ಟೆಲ್ಲ ಓದಿಕೊಂಡ ಮೇಲೆ ಒಂದು ಭಾನುವಾರ ಆ ಕೊಡಗಿನ ಹಿರಿಯರಿಗೆ ನಾನೇ ಫೋನ್ ಮಾಡಿದೆ. ತಪ್ಪಾಯ್ತು ಅಂದೆ. ಹಲಗಲಿಯ ಕಥೆಯನ್ನೂ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು, "ಅವರ ಆಯುಧ ಎಲ್ಲ ಏನಾಯ್ತು?" ನನ್ನಲ್ಲಿ ಉತ್ತರ ಇರಲಿಲ್ಲ. ಅವರೇ ಮಾತು ಬದಲಿಸಿ, "ನಮ್ಮದು 2029ಕ್ಕೆ ಮತ್ತೆ ಕಾಗದಕ್ಕೆ ಬರುತ್ತೆ. ಆಗ ನಾನು ಇರ್ತೀನೋ ಇಲ್ವೋ. ನೀವು ಟಿವಿಲಿ ಇದ್ರೆ ಸರಿಯಾಗಿ ಹೇಳಿ" ಅಂದು ಫೋನ್ ಇಟ್ಟರು.