ಮೊದಲು ಬಂದ ಹೆಸರು

ತೊಂಬತ್ತರ ದಶಕದ ಕೊನೆ. ನಮ್ಮ ಮಳವಳ್ಳಿ ಕಡೆಯ ಅಣ್ಣನೊಬ್ಬ ಮಂಡ್ಯದಿಂದ ಬೆಲ್ಲದ ಲಾರಿ ಓಡಿಸುತ್ತಿದ್ದ. ಯಾವುದೋ ಆಪರೇಷನ್ನಿಗೆ ಅಂತ ರಕ್ತ ಕೊಟ್ಟಾಗ ಪಾಸಿಟಿವ್ ಬಂತು. "ಏಡ್ಸ್ ಬಂದದಂತೆ ಕಣ್ಲಾ, ಇನ್ ಉಳಿಯಕ್ಕಿಲ್ಲ" ಅನ್ನೋ ಸುದ್ದಿ ಮದ್ದೂರು ಸಂತೆ ತನಕ ಹೋಯ್ತು. ಆಳು ಗಟ್ಟಿಮುಟ್ಟಾಗೇ ಇದ್ದ. ಆದರೂ ಮನೇಲಿ ತಟ್ಟೆ, ಲೋಟ ಬೇರೆ ಆದವು. ಅತ್ತಿಗೆಯನ್ನ ಯಾರೂ ಕೂಲಿಗೆ ಕರೀಲಿಲ್ಲ.

ಅವನಿಗಿದ್ದದ್ದು ಎಚ್‌ಐವಿ ಸೋಂಕು, ಏಡ್ಸ್ ಅಲ್ಲ. ಎರಡೂ ಬೇರೆ ಅಂತ ಆಗ ನನಗೂ ಗೊತ್ತಿರಲಿಲ್ಲ. ಆಮೇಲೆ ಓದಿಕೊಂಡಾಗ ತಿಳೀತು, ಹೆಸರುಗಳು ಹುಟ್ಟಿದ ಕ್ರಮವೇ ತಲೆಕೆಳಗು.

1981ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಐವರು ಯುವಕರಿಗೆ ಅಪರೂಪದ ನ್ಯುಮೋನಿಯಾ ಬಂದದ್ದು ವರದಿಯಾಯ್ತು. ಮೈಯ ರೋಗ ತಡೆಯುವ ಶಕ್ತಿ ಕುಸಿದು ಹೀಗೆ ಸಿಕ್ಕಸಿಕ್ಕ ರೋಗಗಳು ಮುತ್ತುವ ಸ್ಥಿತಿಗೆ 1982ರಲ್ಲಿ ಏಡ್ಸ್ ಅಂತ ಹೆಸರಿಟ್ಟರು. ಕಾರಣವಾದ ವೈರಸ್ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಪತ್ತೆಯಾದದ್ದು 1983ರಲ್ಲಿ. ಅದಕ್ಕೆ ಎಚ್‌ಐವಿ ಅನ್ನೋ ಹೆಸರು ನಿಂತದ್ದು 1986ರಲ್ಲಿ, ಡಾ. ಸುನೀತಿ ಸೊಲೊಮನ್ ತಂಡ ಮದ್ರಾಸಿನಲ್ಲಿ ಭಾರತದ ಮೊದಲ ಸೋಂಕುಗಳನ್ನ ಗುರುತಿಸಿದ್ದೂ ಅದೇ ವರ್ಷ. ಅಂದ್ರೆ, ಕೊನೇ ಹಂತಕ್ಕೆ ಮೊದಲು ಹೆಸರು ಬಂತು, ಕಾರಣಕ್ಕೆ ಆಮೇಲೆ. ನಮ್ಮೂರ ಗೋಡೆಬರಹದಲ್ಲೂ ದಪ್ಪಕ್ಷರ ಏಡ್ಸ್‌ಗೇ.

ಈ ವೈರಸ್ ಕೊಲ್ಲೋದು ರಕ್ತದ ಸಿಡಿ4 ಅನ್ನೋ ಬಿಳಿ ಕಣಗಳನ್ನ. ನಮ್ಮ ಮೈಯ ಕಾವಲುಗಾರರು ಅನ್ನಿ. ಅವುಗಳ ಎಣಿಕೆ 200ಕ್ಕಿಂತ ಕೆಳಗಿಳಿದರೆ ಏಡ್ಸ್. ಔಷಧಿ ಇಲ್ಲದಿದ್ದರೂ ಅಲ್ಲಿಗೆ ಮುಟ್ಟೋಕೆ ಸಾಮಾನ್ಯವಾಗಿ ಎಷ್ಟೋ ವರ್ಷ ಬೇಕು. ಲೈಂಗಿಕ ಸಂಪರ್ಕ, ಸೋಂಕಿತ ರಕ್ತ, ಸೂಜಿ, ತಾಯಿಯಿಂದ ಮಗು, ಹರಡೋ ದಾರಿ ಇಷ್ಟೇ. ತಟ್ಟೆ ಲೋಟದ ಮಾತೇ ಇಲ್ಲ.

ಅಣ್ಣ ಮಾತ್ರ ಆ ಒಂದು ಪದ ಕೇಳಿ ಲಾರಿ ಬಿಟ್ಟ. "ಸಾಯೋ ಕಾಯಿಲೆಗೆ ಯಾಕ್ ದುಡ್ಡು ಸುರೀಬೇಕು" ಅಂತ ಮತ್ತೆ ಆಸ್ಪತ್ರೆ ಕಡೆ ತಲೆಹಾಕಲಿಲ್ಲ. 2003ರಲ್ಲಿ ತೀರಿಕೊಂಡ, ಟೀಬಿಯಲ್ಲಿ. ಸರ್ಕಾರ ಪುಕ್ಕಟೆ ಎಆರ್‌ಟಿ ಮಾತ್ರೆ ಕೊಡೋಕೆ ಶುರುಮಾಡಿದ್ದು 2004ರ ಏಪ್ರಿಲ್ 1ಕ್ಕೆ.

ಅತ್ತಿಗೆಗೂ ಪಾಸಿಟಿವ್ ಇತ್ತು. ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ಹೋದ ವರ್ಷ ಮಂಡ್ಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರು ವೈರಲ್ ಲೋಡ್ ಚೀಟಿ, ಅಂದ್ರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ಹೇಳೋ ಚೀಟಿ, ಬ್ಯಾಗಿಂದ ತೆಗೆದು ತೋರಿಸಿದರು. "ಕಾಣೋದೇ ಇಲ್ವಂತೆ ಕಣಪ್ಪ" ಅಂದವರೇ, ಕಬ್ಬು ಕಡಿಯೋಕೆ ಹೊತ್ತಾಯ್ತು ಅಂತ ಮಳವಳ್ಳಿ ಬಸ್ಸು ಹತ್ತಿದರು.