ಜ್ವರ ಬಿಟ್ಟರೂ ಬಿಡದ ಕೀಲುನೋವು

2006ರ ಚಿಕೂನ್‌ಗುನ್ಯಾವನ್ನು ತುಮಕೂರು ಜಿಲ್ಲೆ ಮರೆತಿಲ್ಲ. ಆ ವರ್ಷ ದೇಶದಲ್ಲಿ ದಾಖಲಾದ ಸುಮಾರು 14 ಲಕ್ಷ ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದವು. ನಲುಗಿದ ಜಿಲ್ಲೆಗಳಲ್ಲಿ ತುಮಕೂರೂ ಒಂದು. ಈ ಜ್ವರ ವಾರದೊಳಗೆ ಬಿಡುತ್ತದೆ. ಮಂಡಿ, ಮಣಿಕಟ್ಟು, ಬೆರಳುಗಳ ನೋವು ಮಾತ್ರ ಹಲವರಿಗೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ. ಗುಬ್ಬಿಯಲ್ಲಿ ತೆಂಗಿನಕಾಯಿ ಸುಲಿಯುವವರಿಗಾಗಲಿ, ಕುಣಿಗಲ್ಲಿನಲ್ಲಿ ರಾಗಿ ಹೊಲದ ಕಳೆ ಕೀಳುವವರಿಗಾಗಲಿ ‘ಕೈ ಹಿಡ್ಕಂಡದೆ’ ಎಂದರೆ ಅಂದಿನ ಕೂಲಿಯೇ ಹೋದಂತೆ.

ವೈರಾಣು ರಕ್ತದಿಂದ ಮರೆಯಾದ ಮೇಲೂ ನೋವೇಕೆ? ವೈದ್ಯಶಾಸ್ತ್ರ ಬಹುಕಾಲ ಕೀಲಿನ ಊತವನ್ನು ರಕ್ಷಣಾ ಕಣಗಳ ಲೆಕ್ಕಕ್ಕೆ ಬರೆದು, ನರವನ್ನು ಸುದ್ದಿ ಮುಟ್ಟಿಸುವ ತಂತಿ ಎಂದಷ್ಟೇ ಕಂಡಿತ್ತು. ಆದರೆ ರೋಗಿಗಳ ಮೈಯಲ್ಲೇ ಒಂದು ಸುಳಿವಿತ್ತು. ಪಾರ್ಶ್ವವಾಯು ಹೊಡೆದವರಿಗೆ ಮುಂದೆ ಸಂಧಿವಾತ ಬಂದರೆ, ಸ್ವಾಧೀನ ತಪ್ಪಿದ ಕಡೆಯ ಕೀಲುಗಳು ಅಷ್ಟಾಗಿ ಊದುತ್ತಿರಲಿಲ್ಲ. 1962ರ ಹೊತ್ತಿಗೇ ವೈದ್ಯರು ಇದನ್ನು ಬರೆದಿಟ್ಟಿದ್ದರು. 1984ರಲ್ಲಿ ಅಮೆರಿಕದ ಜಾನ್ ಲೆವಿನ್ ತಂಡ ಕಾರಣದ ಎಳೆ ಹಿಡಿಯಿತು: ನರದ ತುದಿಯಿಂದ ಹೊರಡುವ ‘ಸಬ್‌ಸ್ಟೆನ್ಸ್ ಪಿ’ ಎಂಬ ವಸ್ತುವನ್ನು ಇಲಿಗಳ ಮಂಡಿಗೆ ಹಾಕಿದಾಗ ಸಂಧಿವಾತ ಬಿಗಡಾಯಿಸಿತು. ನರ ಸುದ್ದಿ ಒಯ್ಯುವುದಷ್ಟೇ ಅಲ್ಲ, ಊತವನ್ನೂ ಹೆಚ್ಚಿಸುತ್ತದೆ.

ಮಾತು ಆ ಕಡೆಯಿಂದಲೂ ಬರುತ್ತದೆ. ರಕ್ಷಣಾ ಕಣಗಳು ಸುರಿಸುವ ಟಿಎನ್‌ಎಫ್ ಎಂಬ ಪ್ರೋಟೀನು ನರದ ತುದಿಯನ್ನು ಎಷ್ಟು ಸೂಕ್ಷ್ಮ ಮಾಡುತ್ತದೆಂದರೆ, ಸುಮ್ಮನೆ ಮುಟ್ಟಿದರೂ ಉರಿಯುತ್ತದೆ. ಇದನ್ನು ತಡೆಯುವ ಔಷಧವನ್ನು 1992ರಲ್ಲಿ ಲಂಡನ್ನಿನಲ್ಲಿ ಸಂಧಿವಾತದ ರೋಗಿಗಳಿಗೆ ಮೊದಲು ಕೊಟ್ಟವರು ಮಾರ್ಕ್ ಫೆಲ್ಡ್‌ಮನ್ ಮತ್ತು ಲೂಧಿಯಾನಾದಲ್ಲಿ ಹುಟ್ಟಿದ ರವೀಂದರ್ ಮೈನಿ. ನನಗೆ ಅದಕ್ಕಿಂತ ಮುಖ್ಯವೆನಿಸುವುದು 2011ರ ಜರ್ಮನಿಯ ಅಧ್ಯಯನ. ಆ ಔಷಧ ಕೊಟ್ಟ ಒಂದೇ ದಿನದಲ್ಲಿ ರೋಗಿಗಳ ಮಿದುಳಿನಲ್ಲಿ ನೋವಿನ ಚಟುವಟಿಕೆ ತಗ್ಗಿತು. ಕೀಲಿನ ಊತ ಇನ್ನೂ ಹಾಗೇ ಇತ್ತು! ನೋವು ಮತ್ತು ಊತ ಒಟ್ಟಿಗೇ ಏರಿಳಿಯಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ. ಬೆನ್ನುಹುರಿಯಲ್ಲೂ ಮೈಕ್ರೋಗ್ಲಿಯಾ ಎಂಬ ರಕ್ಷಣಾ ಕಣಗಳಿವೆ. ಪೆಟ್ಟು ತಿಂದ ನರದ ನೋವನ್ನು ಅವು ಹಿಡಿದಿಡುತ್ತವೆಂದು 2003ರಲ್ಲಿ ಜಪಾನಿನ ಪ್ರಯೋಗಗಳು ತೋರಿಸಿದವು.

ನರಕ್ಕೆ ಊತ ಇಳಿಸುವ ಶಕ್ತಿಯೂ ಇದೆ. ಕುತ್ತಿಗೆಯಲ್ಲಿ ಇಳಿಯುವ ವೇಗಸ್ ನರವನ್ನು ಪ್ರಚೋದಿಸಿದರೆ ಟಿಎನ್‌ಎಫ್ ತಗ್ಗುತ್ತದೆಂದು 2000ದಲ್ಲಿ ಕೆವಿನ್ ಟ್ರೇಸಿ ತಂಡ ಇಲಿಗಳಲ್ಲಿ ಕಂಡಿತು. 2025ರಲ್ಲಿ ಅಮೆರಿಕ, ಸಂಧಿವಾತಕ್ಕಾಗಿ ಈ ನರದ ಮೇಲೆ ಕೂರಿಸುವ ಪುಟ್ಟ ವಿದ್ಯುತ್ ಸಾಧನಕ್ಕೆ ಒಪ್ಪಿಗೆ ಕೊಟ್ಟಿತು.

ಚಿಕೂನ್‌ಗುನ್ಯಾ ನೋವಿನ ಗುಟ್ಟು ಇನ್ನೂ ಪೂರ್ತಿ ಬಿಚ್ಚಿಲ್ಲ. ರಿಯೂನಿಯನ್ ದ್ವೀಪದ ಒಬ್ಬ ರೋಗಿಯ ಕೀಲುಪೊರೆಯಲ್ಲಿ ಸೋಂಕಾದ 18 ತಿಂಗಳ ಮೇಲೂ ವೈರಾಣುವಿನ ಕುರುಹು ಸಿಕ್ಕಿದ್ದು 2010ರಲ್ಲಿ ವರದಿಯಾಯಿತು. ಆದರೆ ಒಂದು ಮಾತು ಈಗಲೇ ಹೇಳಬಹುದು: ‘ರಿಪೋರ್ಟೆಲ್ಲ ನಾರ್ಮಲ್ ಇದೆ, ನೋವು ನಿಮ್ಮ ಭ್ರಮೆ’ ಎಂದು ರೋಗಿಯನ್ನು ವಾಪಸು ಕಳಿಸುವುದು ತಪ್ಪು.

ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಒಂದು ಗಂಟೆಗಿಂತ ಹೆಚ್ಚು ಹೊತ್ತು ಹಿಡಿದರೆ, ಕೀಲಿನ ಊತ ಆರು ವಾರ ದಾಟಿದರೆ, ಮೆಡಿಕಲ್ ಶಾಪಿನ ನೋವಿನ ಮಾತ್ರೆಯನ್ನೋ ಯಾರೋ ಚುಚ್ಚುವ ಸ್ಟೆರಾಯ್ಡ್ ಸೂಜಿಯನ್ನೋ ನಂಬಿ ಕೂರಬೇಡಿ. ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಬಂದು ತೋರಿಸಿ.