ಬೌರಿಂಗ್‌ಪೇಟೆಗೆ ಹಡಗಿನ ದಾರಿ

ವಿದ್ಯಾರ್ಥಿ ಮಿತ್ರರೇ, ಕೋಲಾರ ಚಿನ್ನದ ಗಣಿಗಳನ್ನು ಕುರಿತ ನಮ್ಮ ಮಾತುಕತೆಯ ನಡುವೆ ಒಂದು ತಗಡಿನ ಪೆಟ್ಟಿಗೆ ಹದಿನೈದು ಸೆಕೆಂಡು ಪರದೆಯ ಮೇಲೆ ಕಾಣಿಸಿಕೊಂಡು ಮರೆಯಾಯಿತು. ನೀವು ಗಮನಿಸಿದಿರೋ ಇಲ್ಲವೋ! ದೂರದರ್ಶನದಲ್ಲಿ ಹದಿನೈದು ಸೆಕೆಂಡು ಎಂದರೆ ಬಹಳ ಹೊತ್ತು. ಆದರೆ ಆ ಪೆಟ್ಟಿಗೆಯ ಕಥೆ ಹೇಳಲು ಸಾಲದು. ಅದಕ್ಕೇ ಈ ಪುಟಗಳು.

ಚಾಂಪಿಯನ್ ರೀಫ್ಸ್‌ನ ಹಳೆಯ ಲೈನ್ ಮನೆಯೊಂದರಲ್ಲಿ ಅಜ್ಜಿಯೊಬ್ಬರು ಆ ಪೆಟ್ಟಿಗೆಯಲ್ಲಿ ರಾಗಿ ತುಂಬಿಟ್ಟಿದ್ದರು. ಅವರ ಮಾವ ಗಣಿಯ ದೊರೆಯೊಬ್ಬನ ಬಂಗಲೆಯಲ್ಲಿ ಬಟ್ಲರ್ ಆಗಿದ್ದವರು. ಮುಚ್ಚಳದ ಮೇಲೆ ಅರ್ಧ ಕಿತ್ತುಹೋದ ಚೀಟಿ, ಅದರ ಮೇಲೆ ಇಂಗ್ಲಿಷ್ ಅಕ್ಷರಗಳು: 'ನಾಟ್ ವಾಂಟೆಡ್ ಆನ್ ವಾಯೇಜ್'. "ಏನ್ ಬರ್ದೈತೆ ಸಾರ್ ಅದ್ರಾಗೆ? ಬ್ಯಾಡದ ಪೆಟ್ಟಿಗೆ ಅಂತ ನಮ್ಮ ಮಾವಂಗೆ ಕೊಟ್ಟು ಹೋದ್ನಂತೆ ಆ ದೊರೆ," ಎಂದರು ಅಜ್ಜಿ.

ಚೀಟಿಯ ಅರ್ಥ ಅದಲ್ಲ. ಹಡಗಿನ ಪ್ರಯಾಣಿಕರು ತಮ್ಮ ಸಾಮಾನನ್ನು ವಿಂಗಡಿಸಿ ಚೀಟಿ ಅಂಟಿಸಬೇಕಿತ್ತು. ಕೋಣೆಯಲ್ಲೇ ಇರಬೇಕಾದದ್ದು ಒಂದು, ನಡುವೆ ಬೇಕಾಗಬಹುದಾದದ್ದು ಇನ್ನೊಂದು, ಊರು ಮುಟ್ಟುವತನಕ ತೆರೆಯಬೇಕಿಲ್ಲದ್ದು ಮತ್ತೊಂದು. ಈ ಮೂರನೆಯದಕ್ಕೆ ಈ ಚೀಟಿ. ಅಂಥ ಪೆಟ್ಟಿಗೆ ಹಡಗಿನ ತಳದ ಉಗ್ರಾಣಕ್ಕೆ ಇಳಿಯುತ್ತಿತ್ತು.

ಸಮುದ್ರದಿಂದ ಇಷ್ಟು ದೂರದ ಒಣ ನೆಲಕ್ಕೆ ಹಡಗಿನ ಪೆಟ್ಟಿಗೆ ಬಂದದ್ದು ಹೇಗೆ? ನ್ಯೂಜಿಲೆಂಡಿನ ಮಾವೋರಿ ಯುದ್ಧದಲ್ಲಿ ಹೋರಾಡಿ ಬೆಂಗಳೂರಿನಲ್ಲಿ ನೆಲೆಸಿದ್ದ ಐರಿಷ್ ಸೈನಿಕ ಮೈಕೇಲ್ ಲವೆಲ್ 1871ರಲ್ಲಿ ಎತ್ತಿನ ಗಾಡಿ ಕಟ್ಟಿಸಿಕೊಂಡು ಕೋಲಾರದ ಕಡೆ ಚಿನ್ನ ಹುಡುಕಲು ಹೊರಟದ್ದು ನಿಮಗೆ ಗೊತ್ತು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೈಹಾಕಿದ ಮೇಲೆ ಕೆಲಸ ಗಟ್ಟಿಯಾಗಿ ನಿಂತಿತು. ಇಂಗ್ಲೆಂಡಿನ ನೈರುತ್ಯ ಮೂಲೆಯ ಕಾರ್ನ್‌ವಾಲ್ ಪ್ರಾಂತ್ಯದಲ್ಲಿ 1866ರಲ್ಲಿ ತಾಮ್ರದ ಬೆಲೆ ಕುಸಿದು ಗಣಿಗಳು ಒಂದೊಂದಾಗಿ ಮುಚ್ಚಿದ್ದವು. ಹೆಂಡತಿ ಮಕ್ಕಳನ್ನು ಊರಿನಲ್ಲೇ ಬಿಟ್ಟು ಗಂಡಸರು ದಕ್ಷಿಣ ಆಫ್ರಿಕಕ್ಕೆ, ಆಸ್ಟ್ರೇಲಿಯಕ್ಕೆ, ನಮ್ಮ ಕೆ.ಜಿ.ಎಫ್.ಗೆ ಹೊರಟರು. ಕಾರ್ನ್‌ವಾಲಿನ ಪದ್ಧತಿಯಂತೆ ಗಣಿಯ ಮೇಲ್ವಿಚಾರಕನೂ 'ಕ್ಯಾಪ್ಟನ್'. ಚಾಂಪಿಯನ್ ಪದರವನ್ನು ಪತ್ತೆಹಚ್ಚಿದ ಪ್ಲಮರ್ ಕೂಡ ಕ್ಯಾಪ್ಟನ್ನೇ. ಕೆರೆ ತುಂಬುವುದೇ ಅಪರೂಪವಾದ ಊರಿನಲ್ಲಿ ಇಷ್ಟೊಂದು ಜನ ಕ್ಯಾಪ್ಟನ್ನರೇ ಎಂದು ಕಾಲೇಜಿನ ದಿನಗಳಲ್ಲಿ ನಾನು ಬೆರಗಾಗಿದ್ದುಂಟು.

1869ರ ನವೆಂಬರ್ 17ರಂದು ಸೂಯೆಜ್ ಕಾಲುವೆ ತೆರೆಯಿತು. ಆಫ್ರಿಕವನ್ನು ಸುತ್ತುವ ತಿಂಗಳುಗಟ್ಟಲೆಯ ಪ್ರಯಾಣ ಮೂರು ನಾಲ್ಕು ವಾರಕ್ಕೆ ಇಳಿಯಿತು. ಲಂಡನ್ನಿನಲ್ಲಿ ಹತ್ತಿ, ಪೋರ್ಟ್ ಸೈದ್, ಏಡನ್ ದಾಟಿ, ಮುಂಬಯಿಯಲ್ಲೋ ಮದರಾಸಿನಲ್ಲೋ ಇಳಿದು, ರೈಲು ಹಿಡಿದು ಬೌರಿಂಗ್‌ಪೇಟೆ ಸೇರುವುದು. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್‌ನ ಹೆಸರು ಹೊತ್ತ ಆ ಊರೇ ಇಂದಿನ ಬಂಗಾರಪೇಟೆ. ಅಲ್ಲಿಂದ ಮಾರಿಕುಪ್ಪಂವರೆಗೆ ರೈಲು ಬಂದದ್ದು 1894ರಲ್ಲಿ. ಅದಕ್ಕೆ ಮೊದಲು ಬಂದವರಿಗೆ ಎತ್ತಿನ ಗಾಡಿಯೇ ಗತಿ. ಪೆಟ್ಟಿಗೆಯೂ ಅದೇ ದಾರಿಯಲ್ಲಿ ಬಂದಿರಬೇಕು.

ಈಗ ನಡುಸಮುದ್ರದ ಒಂದು ದಿನವನ್ನು ನೋಡೋಣ. ಹಡಗು ಏಡನ್ ಬಿಟ್ಟಿದೆ, ಮುಂಬಯಿ ಇನ್ನೂ ನಾಲ್ಕೈದು ದಿನದ ದೂರ. ಎತ್ತ ನೋಡಿದರೂ ನೀರು. ಬೆಳಗಾಗುವ ಮುನ್ನವೇ ಬರಿಗಾಲಿನ ಖಲಾಸಿಗಳು ಅಟ್ಟವನ್ನು ನೀರು ಹೊಯ್ದು ಉಜ್ಜಿ ತೊಳೆಯುತ್ತಾರೆ. ಕೋಣೆಯ ಬಾಗಿಲಿಗೆ ಗೋವೆಯ ಮಾಣಿ ಚಹಾ ತರುತ್ತಾನೆ. ಅದಕ್ಕೆ ಛೋಟಾ ಹಾಜರಿ ಎಂದು ಹೆಸರು. ಉಪಾಹಾರ, ಹಗ್ಗದ ಬಳೆ ಎಸೆಯುವ ಆಟ, ಒರಗು ಕುರ್ಚಿಯಲ್ಲಿ ನಿದ್ದೆ. ಅರ್ಧ ಗಂಟೆಗೊಮ್ಮೆ ಗಂಟೆ ಬಾರಿಸುತ್ತದೆ. ನಾಲ್ಕು ಗಂಟೆಗೊಂದು ಪಾಳಿ, ಎಂಟು ಬಡಿತಕ್ಕೆ ಪಾಳಿ ಮುಗಿಯಿತು.

ದಿನದ ದೊಡ್ಡ ಘಟನೆ ಮಧ್ಯಾಹ್ನದ್ದು. ಸೂರ್ಯ ನೆತ್ತಿಗೇರುವ ಹೊತ್ತಿಗೆ ಅಧಿಕಾರಿಗಳು ಸೆಕ್ಸ್‌ಟಂಟ್ ಹಿಡಿದು ಅವನ ಎತ್ತರ ಅಳೆಯುತ್ತಾರೆ. ಅಕ್ಷಾಂಶ ಅದರಿಂದ ದೊರೆಯುತ್ತದೆ, ರೇಖಾಂಶಕ್ಕೆ ಕ್ರೊನೋಮೀಟರ್ ಗಡಿಯಾರ ಬೇಕು. ಹಿಂದಿನ ಮಧ್ಯಾಹ್ನದಿಂದ ಎಷ್ಟು ದೂರ ಬಂದೆವೆಂದು ಹಲಗೆಯ ಮೇಲೆ ಬರೆದು ಹಾಕುತ್ತಾರೆ. ಪ್ರಯಾಣಿಕರು ಆ ಅಂಕಿಯ ಮೇಲೆ ಪಂದ್ಯ ಕಟ್ಟಿರುತ್ತಾರೆ! 15 ನಾಟ್ ವೇಗವಾದರೆ ದಿನಕ್ಕೆ 360 ನಾವಿಕ ಮೈಲಿ, ಅಂದರೆ ಸುಮಾರು 667 ಕಿಲೋಮೀಟರ್. ಇಲ್ಲೊಂದು ಲೆಕ್ಕ ಮಾಡಿ ನೋಡಿ. ಹಡಗು ಅಷ್ಟು ಹೊತ್ತಿನಲ್ಲಿ ಸುಮಾರು ಆರು ಡಿಗ್ರಿ ಪೂರ್ವಕ್ಕೆ ಸರಿಯುತ್ತದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಹೀಗಾಗಿ ಗಡಿಯಾರವನ್ನು ದಿನವೂ 24 ನಿಮಿಷದಷ್ಟು ಮುಂದಕ್ಕೆ ತಿರುಗಿಸಬೇಕು. ಭಾರತಕ್ಕೆ ಬರುವವನ ದಿನಕ್ಕೆ ಇಪ್ಪತ್ನಾಲ್ಕು ಗಂಟೆ ತುಂಬುವುದಿಲ್ಲ.

ಶ್ರೀಮಂತರು ಹೋಗುವಾಗ ಎಡಬದಿಯ, ಬರುವಾಗ ಬಲಬದಿಯ ನೆರಳಿನ ಕೋಣೆ ಹಿಡಿಯುತ್ತಿದ್ದರು, ಆ ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದಲೇ 'ಪಾಶ್' ಎಂಬ ಮಾತು ಹುಟ್ಟಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದಕ್ಕೆ ದಾಖಲೆಯ ಆಧಾರ ಸಿಕ್ಕಿಲ್ಲ. ಬಿಸಿಲು ಮಾತ್ರ ನಿಜ.

ಇದಿಷ್ಟೂ ನಮಗೆ ತಿಳಿದಿರುವುದು ಪ್ರಯಾಣಿಕರು ಬರೆದಿಟ್ಟ ದಿನಚರಿ, ಕಾಗದಗಳಿಂದ. ಅವರಿಗೆ ಬಿಡುವಿತ್ತು, ಬರೆದರು. ಅಟ್ಟದ ಕೆಳಗೆ ಇಳಿದರೆ ಕಥೆ ಬೇರೆ. ಪಿ. ಅಂಡ್ ಓ. ಕಂಪನಿಯ ಹಡಗುಗಳಲ್ಲಿ ಅಟ್ಟದ ಕೆಲಸದವರು ಹೆಚ್ಚಾಗಿ ಗುಜರಾತ್, ಕೊಂಕಣ ತೀರದವರು. ಒಲೆಗೆ ಕಲ್ಲಿದ್ದಲು ಹಾಕುವವರು ಪಂಜಾಬಿಗಳು, ಪಠಾಣರು. ಇವರಿಗೆಲ್ಲ 'ಲಸ್ಕರ್' ಎಂಬ ಒಂದೇ ಹೆಸರು. ಮೇಲೆ ಸರಂಗ, ಅವನ ಕೈಕೆಳಗೆ ತಾಂಡೇಲ. ನಮ್ಮ ಕರಾವಳಿಯವರಿಗೆ ಈ ಮಾತುಗಳು ಹೊಸತಲ್ಲ. ಕೆಂಪು ಸಮುದ್ರದಲ್ಲಿ ಒಲೆಕೋಣೆಯ ಬಿಸಿ 50 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವಾಗಿರಲಿಲ್ಲ. 1894ರ ಬ್ರಿಟಿಷ್ ಕಾನೂನು ನಾವಿಕನೊಬ್ಬನಿಗೆ ಮಲಗಲು 72 ಘನ ಅಡಿ ಜಾಗ ಕೊಡಬೇಕೆಂದಿತು. ಭಾರತದ ಕಾನೂನಿನಲ್ಲಿ ಲಸ್ಕರನಿಗೆ 36. ಸಂಬಳವೂ ಹಾಗೆಯೇ, ಬಿಳಿಯ ನಾವಿಕನಿಗಿಂತ ಬಹಳ ಕಡಿಮೆ. 1914ರ ಹೊತ್ತಿಗೆ ಬ್ರಿಟಿಷ್ ಹಡಗುಗಳಲ್ಲಿ ಇಂಥವರು ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಇದ್ದರು.

ಕೆ.ಜಿ.ಎಫ್.ನಿಂದ ಬಂದವರಿಗೆ ಈ ಚಿತ್ರ ಅಪರಿಚಿತವೆನಿಸದು. ಮೇಲೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಕೆಳಗೆ, ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಚಾಂಪಿಯನ್ ರೀಫ್ ಗಣಿಯ ತಳದಲ್ಲಿ, ಬಂಡೆಯ ಬಿಸಿಯೇ 60 ಡಿಗ್ರಿ ದಾಟುತ್ತಿತ್ತು. ನೆಲದ ಮೇಲೆ ತಂಪು ಗಾಳಿಯ ಯಂತ್ರ ಹೂಡಿ ಆ ಗಾಳಿಯನ್ನು ಕೆಳಗೆ ಕಳಿಸಬೇಕಾಯಿತು. ಅಲ್ಲಿ ದುಡಿದವರು ಉತ್ತರ ಆರ್ಕಾಟ್, ಸೇಲಂ, ಚಿತ್ತೂರುಗಳಿಂದ ಬಂದ ಬಡವರು, ಬಹಳ ಮಂದಿ ದಲಿತರು. ಹಡಗು ಹತ್ತಿ ಬಂದವನು ಊರಿಗೆ ಬರೆದ ಕಾಗದ ಅವನ ಮನೆಯವರ ಬಳಿ ಉಳಿದಿರಬಹುದು. ಉಗಿಬಂಡಿಯ ಮೂರನೇ ದರ್ಜೆಯಲ್ಲಿ ಬಂದವನದು ಸಂಬಳದ ಪುಸ್ತಕದಲ್ಲಿ ಒಂದು ಹೆಬ್ಬೆರಳ ಗುರುತು.

ಸಮುದ್ರದ ಮೇಲಿನ ಬಿಡುವು ಎಲ್ಲರ ಕೈಯಲ್ಲೂ ಪಂದ್ಯವಾಗಿ ಕಳೆದುಹೋಗಲಿಲ್ಲ ಎಂಬುದನ್ನೂ ಹೇಳಬೇಕು. ವಿಜ್ಞಾನ ಓದಿದವನಾದ್ದರಿಂದ ಈ ಮಾತು ಬಿಡಲಾರೆ. 1921ರಲ್ಲಿ ಆಕ್ಸ್‌ಫರ್ಡ್‌ನ ಸಮ್ಮೇಳನ ಮುಗಿಸಿ ಸಿ. ವಿ. ರಾಮನ್ 'ನಾರ್ಕುಂಡಾ' ಎಂಬ ಹಡಗಿನಲ್ಲಿ ಮರಳುತ್ತಿದ್ದರು. ಮೆಡಿಟರೇನಿಯನ್ ಸಮುದ್ರದ ನೀಲಿ ಅವರನ್ನು ಹಿಡಿದು ನಿಲ್ಲಿಸಿತು. ಅದು ಆಕಾಶದ ಪ್ರತಿಬಿಂಬ ಮಾತ್ರ ಎಂದು ದೊಡ್ಡ ವಿಜ್ಞಾನಿ ರ‍್ಯಾಲೆಯೇ ಹೇಳಿದ್ದ. ರಾಮನ್ ಬಳಿ ಇದ್ದದ್ದು ಅಂಗೈಯಗಲದ ಒಂದು ನಿಕಲ್ ಪಟ್ಟಕ. ನೀರಿನ ಮೇಲ್ಮೈಯಿಂದ ಒಂದು ನಿರ್ದಿಷ್ಟ ಕೋನದಲ್ಲಿ ಪ್ರತಿಫಲಿಸಿದ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಪಟ್ಟಕವನ್ನು ತಿರುಗಿಸಿ ಅದನ್ನು ಪೂರಾ ತಡೆಯಬಹುದು. ಅವರು ತಡೆದರು. ಪ್ರತಿಬಿಂಬ ಹೋಯಿತು, ನೀಲಿ ಹೋಗಲಿಲ್ಲ, ಬದಲಿಗೆ ಇನ್ನೂ ಗಾಢವಾಯಿತು. ಬೆಳಕನ್ನು ಚದುರಿಸುತ್ತಿರುವುದು ನೀರಿನ ಅಣುಗಳೇ ಎಂದು ಅವರು ತರ್ಕಿಸಿದರು. ಹಡಗು ಮುಂಬಯಿ ಬಂದರು ಸೇರುವ ವೇಳೆಗೆ 'ನೇಚರ್' ಪತ್ರಿಕೆಗೆ ಬರಹ ಸಿದ್ಧವಾಗಿತ್ತು. ಅಲ್ಲಿಂದ ಹೊರಟ ಹುಡುಕಾಟ 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮಕ್ಕೆ ಮುಟ್ಟಿತು. ಕೆ.ಜಿ.ಎಫ್. ಗಣಿಗಳು ಮುಚ್ಚಿದ್ದೂ ಫೆಬ್ರವರಿ 28ರಂದೇ, 2001ರಲ್ಲಿ. ಎರಡಕ್ಕೂ ಸಂಬಂಧವಿಲ್ಲ, ಆದರೂ ಆ ಊರಿನ ಶಾಲೆಯಲ್ಲಿ ವಿಜ್ಞಾನ ದಿನ ಬಂದಾಗಲೆಲ್ಲ ನನಗೆ ನೆನಪಾಗುತ್ತದೆ.

ಊರು ಸೇರುವ ಅವಸರವಿಲ್ಲದೆ, ಸಮುದ್ರದ ಮೇಲೆ ಇರುವುದಕ್ಕಾಗಿಯೇ ಹಡಗು ಹತ್ತುವ ವಿಹಾರವೂ ಇದೇ ಕಂಪನಿಗಳಿಂದ ಬೆಳೆಯಿತು. 1929ರ 'ವೈಸ್‌ರಾಯ್ ಆಫ್ ಇಂಡಿಯಾ' ಮುಂಬಯಿಯ ಪ್ರಯಾಣಿಕರು ಕಡಿಮೆಯಾಗುವ ತಿಂಗಳುಗಳಲ್ಲಿ ವಿಹಾರಕ್ಕೆ ಹೋಗುತ್ತಿತ್ತು. ಹಡಗಿನೊಳಗೇ ಈಜುಕೊಳ, ವಿದ್ಯುತ್ತಿನಿಂದ ತಿರುಗುವ ಚಕ್ರ. 1942ರ ನವೆಂಬರ್‌ನಲ್ಲಿ ಜರ್ಮನ್ ಜಲಾಂತರ್ಗಾಮಿಯೊಂದು ಅದನ್ನು ಮುಳುಗಿಸಿತು. ಅದರ ಗಾತ್ರ ಸುಮಾರು 19,600 ಟನ್. 2024ರಲ್ಲಿ ಹೊರಟ 'ಐಕಾನ್ ಆಫ್ ದ ಸೀಸ್' 2,48,663. ಉದ್ದ 365 ಮೀಟರ್. ಈ ಟನ್ ತೂಕವಲ್ಲ, ಹಡಗಿನ ಒಳಜಾಗದ ಅಳತೆ. ವಿಹಾರದ ಹಡಗುಗಳು ಈಗ ನವಮಂಗಳೂರು ಬಂದರಿಗೂ ಬರುತ್ತವೆ. ಒಲೆಗೆ ಕಲ್ಲಿದ್ದಲು ಹಾಕುವವನು ಇಂದು ಇಲ್ಲ. ಹಾಸಿಗೆ ಹಾಸಿ, ತಟ್ಟೆ ತೊಳೆದು, ಯಂತ್ರ ನೋಡಿಕೊಳ್ಳುವವರಲ್ಲಿ ನಮ್ಮ ದೇಶದವರು ಈಗಲೂ ಅನೇಕರಿದ್ದಾರೆ.

ಚೀಟಿಯ ಅರ್ಥ ತಿಳಿಸಿದಾಗ ಅಜ್ಜಿ ತುಸು ಹೊತ್ತು ಪೆಟ್ಟಿಗೆಯನ್ನೇ ನೋಡಿದರು. ನಮ್ಮ ಕ್ಯಾಮರಾದವರು ದೀಪ ಆರಿಸಿ ವೈರು ಸುತ್ತುತ್ತಿದ್ದರು. "ಅಂಗಾದ್ರೆ ಇದೂ ಕೆಳ್ಗೇ ಕುಂತ್ಕಂಡ್ ಬಂದೈತೆ ಅನ್ನಿ," ಎಂದವರು ಮೊರದಲ್ಲಿದ್ದ ರಾಗಿಯನ್ನು ಮತ್ತೆ ಒಳಗೆ ಸುರಿಯತೊಡಗಿದರು.